ಸಹಾಯ ಬೇಕು: ವಿಮೋಚನಕಾಂಡ 34ನ್ನು ಯೌವನಸ್ಥರ ಕೂಟದಲ್ಲಿ ಹೇಗೆ ಕಲಿಸುವುದು?

ಎಲ್ಲರಿಗೂ ಕ್ರಿಸ್ತನಲ್ಲಿ ವಂದನೆಗಳು. ನಮ್ಮ ಸಭೆಯ ಯೌವನಸ್ಥರಿಗೆ ದೇವರ ಗುಣ ಮತ್ತು ನಮ್ಮ ನಡತೆ ಬಗ್ಗೆ ಪಾಠ ಮಾಡಬೇಕಿದೆ. ಎಲ್ಲರೂ ಕಾಲೇಜಿನವರು, ಹೊಸದಾಗಿ ಕೆಲಸಕ್ಕೆ ಸೇರಿದವರು. ಸುಮ್ನೆ ಉಪದೇಶ ಮಾಡಿದರೆ ಫೋನ್ ತೆಗೆದು ಕೂರುತ್ತಾರೆ.

ಆರಿಸಿಕೊಂಡ ಭಾಗ ಬೈಬಲಿನ ವಿಮೋಚನಕಾಂಡ 34:6-7. ಜನ ಬಂಗಾರದ ಕರುವನ್ನು ಪೂಜಿಸಿದ ಮೇಲೆ, ತಾನು ಎಂಥವನು ಅಂತ ದೇವರು ಮೋಶೆಗೆ ತಾನೇ ಹೇಳುವ ಮಾತು. ಕನಿಕರ, ದಯೆ, ಬೇಗ ಸಿಟ್ಟಾಗದ ಗುಣ. ಕೀರ್ತನೆ 103ರಲ್ಲೂ ಇದೇ ಇದೆ. ಪ್ರವಾದಿ ಯೋನನಂತೂ ತನ್ನ ಪುಸ್ತಕದ 4ನೇ ಅಧ್ಯಾಯದಲ್ಲಿ ಇದನ್ನೇ ದೂರು ಮಾಡುತ್ತಾನೆ. ನೀನು ಕನಿಕರಿಸುವವನು ಅಂತ ಗೊತ್ತಿತ್ತು, ಅದಕ್ಕೇ ಓಡಿಹೋದೆ ಎನ್ನುತ್ತಾನೆ! ದೇವರ ಗುಣ ಬಾಯಿಪಾಠ ಇತ್ತು, ಆದರೂ ದೇವರು ಕ್ಷಮಿಸಿದ ನಿನೆವೆ ಪಟ್ಟಣದವರ ಮೇಲಿನ ಸಿಟ್ಟು ಇಳಿಯಲಿಲ್ಲ. ಪಾಠವನ್ನು ಇಲ್ಲಿಂದಲೇ ಶುರು ಮಾಡುವ ಆಸೆ ನನಗೆ.

ತೊಡಕು ಇರುವುದು 7ನೇ ವಚನದ ಕೊನೆಯಲ್ಲಿ. ತಂದೆಯ ಪಾಪದ ಫಲ ಮೂರು ನಾಲ್ಕು ತಲೆಮಾರಿನವರೆಗೆ ಮಕ್ಕಳ ಮೇಲೆ ಬರುತ್ತದೆ ಅಂತ ಇದೆ. ಕುಡಿಯುವ ಅಪ್ಪ ಇರುವ ಹುಡುಗ ಇದನ್ನು ಕೇಳಿದರೆ ಏನಂದುಕೊಳ್ಳಬಹುದು? ಯೆಹೆಜ್ಕೇಲ 18 ನೋಡಿದರೆ, ಮಗ ತಂದೆಯ ದೋಷ ಹೊರುವುದಿಲ್ಲ ಎನ್ನುತ್ತದೆ. ಎರಡನ್ನೂ ಜೊತೆಗಿಟ್ಟು ನೀವು ಹೇಗೆ ವಿವರಿಸುತ್ತೀರಿ? ಆ ಸಾಲು ಹಾರಿಸಿ ಓದುವುದು ನನಗೆ ಸರಿ ಕಾಣುವುದಿಲ್ಲ.

ಮತ್ತಾಯ 18ರ ಸಾಲಗಾರ ಆಳಿನ ಸಾಮ್ಯವನ್ನೂ ಸೇರಿಸಲೇ? 10,000 ತಲಾಂತು, ಅಂದರೆ ತೀರಿಸಲಾಗದಷ್ಟು ದೊಡ್ಡ ಸಾಲ, ಮನ್ನಾ ಆದವನು, 100 ದಿನದ ಕೂಲಿಯಷ್ಟು ಸಾಲಕ್ಕೆ ಜೊತೆಗಾರನ ಕುತ್ತಿಗೆ ಹಿಡಿದ ಕಥೆ. ಒಂದು ಗಂಟೆಗೆ ಜಾಸ್ತಿ ಆಗುತ್ತೆ ಅಲ್ವಾ?

ಮನೆಯಲ್ಲಿ, ಆಫೀಸಿನಲ್ಲಿ ವಾರವಿಡೀ ಮಾಡಿ ನೋಡುವಂಥ ಚಿಕ್ಕ ಕೆಲಸಗಳೂ ಬೇಕು. ಕನ್ನಡದಲ್ಲಿ ಪಾಠದ ಟಿಪ್ಪಣಿ ಇರುವವರು ದಯವಿಟ್ಟು ಇಲ್ಲೇ ಹಾಕಿ.