ಗುಡ್ಡದ ಬುಡದ ಊರು ಮಳೆಗಾಲಕ್ಕೆ ಹೇಗೆ ಸಜ್ಜಾಗಬೇಕು?

ಪ್ರಶ್ನೆ: ನಮಸ್ಕಾರ ಸರ್. ನಮ್ಮದು ಮಡಿಕೇರಿ ತಾಲ್ಲೂಕಿನ ಹಳ್ಳಿ. ಗುಡ್ಡದ ಬುಡದಲ್ಲಿ ಇಪ್ಪತ್ತರಷ್ಟು ಮನೆಗಳು, ಪಕ್ಕದಲ್ಲೇ ತೋಟದ ಕಾರ್ಮಿಕರ ಲೈನ್ ಮನೆಗಳು. 2018ರ ಆಗಸ್ಟ್‌ನ ಭೂಕುಸಿತ ಕಂಡ ಮೇಲೆ ಜೋರು ಮಳೆ ಎಂದರೆ ಯಾರಿಗೂ ನಿದ್ದೆಯಿಲ್ಲ. ಯುವಕ ಸಂಘದವರು ಚಂದಾ ಎತ್ತಿ ಹಗ್ಗ, ಲೈಫ್ ಜಾಕೆಟ್, ಟಾರ್ಚ್ ಕೊಳ್ಳೋಣ ಎನ್ನುತ್ತಾರೆ. ಸರಿಯೇ?

ಉತ್ತರ (ಭೂವಿಜ್ಞಾನಿ): ಟಾರ್ಚ್ ಕೊಳ್ಳಿ. ಲೈಫ್ ಜಾಕೆಟ್ ಹೊಳೆ ದಂಡೆಯವರಿಗಿರಲಿ. ಕೆಸರು, ಬಂಡೆ, ಮರ ಒಟ್ಟಾಗಿ ಇಳಿದರೆ ಅದು ಉಪಯೋಗಕ್ಕೆ ಬಾರದು. ಅದಕ್ಕೂ ಮುನ್ನ ಊರವರು ಕೂತು ಒಂದನ್ನು ತೀರ್ಮಾನಿಸಿ: ಏನು ಕಂಡರೆ ಮನೆ ಬಿಡುವುದು? ಗುಡ್ಡದ ಮೇಲೆ ಹೊಸ ಬಿರುಕು, ವಾಲಿದ ಮರ, ಇದ್ದಕ್ಕಿದ್ದಂತೆ ಕೆಂಪಾದ ಒರತೆ ನೀರು, ಬಿಗಿಯಾಗಿ ಮುಚ್ಚಲಾರದ ಬಾಗಿಲು. ಮಳೆ ಸುರಿಯುತ್ತಿದ್ದರೂ ತೋಡಿನ (ಹಳ್ಳದ) ನೀರು ತಗ್ಗಿದರೆ ಮೇಲೆಲ್ಲೋ ಮಣ್ಣು ಅಡ್ಡ ಬಿದ್ದಿರಬಹುದು. ಆಗ ಯಾರನ್ನೂ ಕೇಳುತ್ತಾ ನಿಲ್ಲಬೇಡಿ.

ಒಂದು ಮಳೆಮಾಪಕವಿಡಿ, ದಿನವೂ ಬೆಳಿಗ್ಗೆ 8.30ಕ್ಕೆ ಅಳೆದು ಬರೆಯಿರಿ. ದಿನಕ್ಕೆ 204.5 ಮಿ.ಮೀ. ಮುಟ್ಟಿದರೆ ಹವಾಮಾನ ಇಲಾಖೆಯ ಲೆಕ್ಕದಲ್ಲಿ ಅದು ಅತ್ಯಂತ ಭಾರಿ ಮಳೆ. ಆದರೆ ವಾರದಿಂದ ನೆನೆದ ಮಣ್ಣು ಕುಸಿಯಲು ಅಷ್ಟೂ ಬೇಕಿಲ್ಲ. ಹೊರಡುವುದಿದ್ದರೆ ಕತ್ತಲಾಗುವ ಮೊದಲೇ ಹೊರಡಿ. ವಯನಾಡಿನ ಮುಂಡಕ್ಕೈ, ಚೂರಲ್‌ಮಲೆಯಲ್ಲಿ 2024ರ ಜುಲೈ 30ರಂದು ಗುಡ್ಡ ಇಳಿದದ್ದು ನಡುರಾತ್ರಿಯ ನಂತರ, ಜನ ಮಲಗಿದ್ದಾಗ.

ಪ್ರಶ್ನೆ: ಹಿರಿಯರು ದನ ಬಿಟ್ಟು ಬರಲು ಒಪ್ಪುವುದಿಲ್ಲ ಸರ್.

ಉತ್ತರ: ಅವರ ಮಾತಿನಲ್ಲಿ ನ್ಯಾಯವಿದೆ. ದನಗಳಿಗೆ ಜಾಗವನ್ನು ಜೂನ್‌ಗೆ ಮೊದಲೇ ಗೊತ್ತುಮಾಡಿ. ಸಮಯವಿಲ್ಲದಿದ್ದರೆ ಹಗ್ಗ ಬಿಚ್ಚಿಬಿಡಿ. ನನಗೆ ಹೆಚ್ಚಿನ ಚಿಂತೆ ಲೈನ್ ಮನೆಯವರದು. ಹೊರರಾಜ್ಯದಿಂದ ಬಂದ ಕಾರ್ಮಿಕರಿಗೆ ಊರಿನ ವಾಟ್ಸ್ಆ್ಯಪ್ ಸಂದೇಶ ತಲುಪುವುದಿಲ್ಲ, ತಲುಪಿದರೂ ಕನ್ನಡ ಓದಲು ಬಾರದು. ಯಾವ ಬಾಗಿಲನ್ನು ಯಾರು ತಟ್ಟಬೇಕೆಂದು ಹೆಸರು ಸಮೇತ ಬರೆದಿಡಿ. ಕರೆಂಟ್ ಹೋದರೆ ಮೊಬೈಲ್ ಟವರ್ ಕೂಡ ಕೈಕೊಡಬಹುದು, ಆದ್ದರಿಂದ ದೇವಸ್ಥಾನದ ಗಂಟೆಯೋ ಸೀಟಿಯೋ ಇರಲಿ. ಫೋನ್ ಹೋಗುತ್ತಿದ್ದರೆ 112ಕ್ಕೆ ಅಥವಾ ಜಿಲ್ಲಾ ನಿಯಂತ್ರಣ ಕೊಠಡಿಯ 1077ಕ್ಕೆ ತಿಳಿಸಿ.

ಇನ್ನೊಬ್ಬರ ಪ್ರಶ್ನೆ: ನಮ್ಮ ಕಾಳಜಿ ಕೇಂದ್ರ (ಸಂತ್ರಸ್ತರು ತಂಗುವ ಜಾಗ) ಇರುವುದು ತೋಡಿನಾಚೆಯ ಶಾಲೆಯಲ್ಲಿ. ನಡುವೆ ಕಾಲುಸಂಕ ಒಂದೇ.

ಉತ್ತರ: ಹಾಗಾದರೆ ಅದು ನಿಮಗೆ ಕೇಂದ್ರವೇ ಅಲ್ಲ. ಉಕ್ಕುವ ತೋಡನ್ನು ದಾಟಬೇಡಿ. ನಿಮ್ಮ ದಡದಲ್ಲೇ, ಗುಡ್ಡ ಕಡಿದ ಬರೆಯಿಂದಲೂ (ಕಡಿದಾದ ಮಣ್ಣಿನ ಗೋಡೆ) ನೀರು ಇಳಿಯುವ ಕಣಿವೆಯಿಂದಲೂ ದೂರವಿರುವ ಕಟ್ಟಡವೊಂದನ್ನು ಗುರುತಿಸಿ, ಬೇಸಿಗೆಯಲ್ಲೇ ಪಂಚಾಯಿತಿಗೆ ಲಿಖಿತ ಅರ್ಜಿ ಕೊಡಿ, ಸ್ವೀಕೃತಿ ಪಡೆದುಕೊಳ್ಳಿ.