ಹುತ್ತದ ಅಣಬೆಯೋ, ಹುಲ್ಲುಗಾವಲಿನ ಅಣಬೆಯೋ?

ಪ್ರಶ್ನೆ: ನಮಸ್ಕಾರ ಸರ್. ನಮ್ಮೂರು ಚಿಂಚೋಳಿ ತಾಲ್ಲೂಕಿನ ಕಾಡಂಚಿನಲ್ಲಿದೆ. ಆರಿದ್ರಾ ಮಳೆ ಹೊಯ್ದ ಮೂರನೆಯ ದಿನ ಹೊಲದ ಬದುವಿನ ಹುತ್ತದ ಸುತ್ತ ಅಣಬೆಗಳು ಎದ್ದಿದ್ದವು. ನೂರು ಹೆಜ್ಜೆ ಆಚೆ, ದನ ಮೇಯುವ ಹುಲ್ಲಿನಲ್ಲಿಯೂ ಅಂಥವೇ ದೊಡ್ಡ ಬಿಳಿ ಅಣಬೆಗಳಿದ್ದವು. ಹುತ್ತದ್ದನ್ನು ಪಲ್ಯ ಮಾಡಿ ರೊಟ್ಟಿಯೊಂದಿಗೆ ಉಣ್ಣಬಹುದೆಂದು ಅವ್ವ ಹೇಳುತ್ತಾರೆ. ಎರಡನೆಯದರ ಬಗ್ಗೆ ಅವರಿಗೂ ಅನುಮಾನ. ಗುರುತಿಸುವುದು ಹೇಗೆ?

ಉತ್ತರ: ಅವ್ವನವರ ಅನುಮಾನ ಸರಿಯಾಗಿದೆ. ಹುತ್ತದ ಅಣಬೆಗಳು ಟರ್ಮಿಟೊಮೈಸಿಸ್ ಎಂಬ ಕುಲಕ್ಕೆ ಸೇರಿದವು. ಗೆದ್ದಲುಗಳು ಒಣಗಿದ ಎಲೆ, ಕಟ್ಟಿಗೆಗಳನ್ನು ತಿಂದು ತಂದು, ಹುತ್ತದೊಳಗೆ ತೂತುತೂತಾದ ಹುಟ್ಟಿಯೊಂದನ್ನು ಕಟ್ಟಿ, ಅದರ ಮೇಲೆ ಈ ಶಿಲೀಂಧ್ರವನ್ನು ಬೆಳೆಸಿಕೊಂಡು ಉಣ್ಣುತ್ತವೆ. ಮಳೆಗೆ ನೆಲ ನೆನೆದಾಗ ಅದೇ ಬೆಳೆ ಮೇಲೆದ್ದು ಅಣಬೆಯಾಗುತ್ತದೆ. ಒಕ್ಕಲುತನವನ್ನು ನಮಗಿಂತ ಬಹಳ ಮೊದಲೇ ಕಲಿತ ಜೀವಿಗಳು ಅವು! ಆದ್ದರಿಂದ ಅಣಬೆಯನ್ನು ಜಗ್ಗಿ ಕೀಳದೆ, ಖುರ್ಪಿಯಿಂದ ಮೆಲ್ಲಗೆ ಮಣ್ಣು ಬಿಡಿಸಿ ನೋಡಿ. ದೊಡ್ಡ ಜಾತಿಗಳಲ್ಲಿ ದಂಟು ನೆಲದ ಮಟ್ಟಕ್ಕೆ ಮುಗಿಯದೆ, ಬೇರಿನಂತೆ ಸಣ್ಣದಾಗುತ್ತ ಗೆದ್ದಲಿನ ಗೂಡಿನವರೆಗೂ ಇಳಿದಿರುತ್ತದೆ.

ಹುಲ್ಲಿನಲ್ಲಿ ಕಂಡದ್ದು ಬಹುಶಃ ಕ್ಲೋರೊಫಿಲ್ಲಮ್ ಮಾಲಿಬ್ಡೈಟೀಸ್. ಅದರ ಟೊಪ್ಪಿಗೆಯ ಮೇಲೆ ಕಂದು ಚಕ್ಕೆಗಳೂ ದಂಟಿನ ಮೇಲೆ ಉಂಗುರವೂ ಇರುತ್ತವೆ. ಎಳೆಯದಾಗಿದ್ದಾಗ ಕೆಳಗಿನ ಪದರಗಳು ಬಿಳಿಯಾಗಿಯೇ ಇರುವುದರಿಂದ ಜನ ಮೋಸಹೋಗುತ್ತಾರೆ. ತಿಂದ ಕೆಲವೇ ತಾಸುಗಳಲ್ಲಿ ವಾಂತಿ, ಭೇದಿ ಹಿಡಿಯುತ್ತದೆ. ರಾತ್ರಿ ಎರಡರ ಟೊಪ್ಪಿಗೆಗಳನ್ನೂ ಕತ್ತರಿಸಿ, ಬಿಳಿ ಹಾಳೆಯ ಮೇಲೆ ಬೋರಲು ಹಾಕಿ, ಬಟ್ಟಲು ಮುಚ್ಚಿಡಿ. ಬೆಳಗಾಗುವಷ್ಟರಲ್ಲಿ ಬೀಜಕಣಗಳು ಉದುರಿ ಪದರಗಳ ಅಚ್ಚು ಮೂಡಿರುತ್ತದೆ: ಹುತ್ತದ್ದು ನಸುಗುಲಾಬಿ, ಇದು ಹಸಿರು. ಆದರೆ ಅಚ್ಚು ಹಸಿರಲ್ಲದ ಮಾತ್ರಕ್ಕೆ ಅಣಬೆ ತಿನ್ನಲು ಯೋಗ್ಯವೆಂದು ತಿಳಿಯಬೇಡಿ. ಬರೀ ಫೋಟೊ ನೋಡಿ ನಾನೂ ಹಾಗೆ ಹೇಳಲಾರೆ.

ಇನ್ನೊಬ್ಬರ ಪ್ರಶ್ನೆ (ಬೀದರ್): ಅಣಬೆಯನ್ನು ಬೆಳ್ಳುಳ್ಳಿ ಹಾಕಿ ಕುದಿಸಿದಾಗ ಬೆಳ್ಳುಳ್ಳಿ ಕಪ್ಪಾಗದಿದ್ದರೆ ವಿಷವಿಲ್ಲ ಎನ್ನುತ್ತಾರೆ. ಹುಳು ತಿಂದ ಅಣಬೆಯನ್ನು ನಾವೂ ತಿನ್ನಬಹುದೆಂಬ ಮಾತೂ ಇದೆ. ಇವು ನಿಜವೇ?

ಉತ್ತರ: ಎರಡೂ ನಿಜವಲ್ಲ. ಮನುಷ್ಯರಿಗೆ ಪ್ರಾಣಾಂತಿಕವಾದ ಅಣಬೆಯನ್ನೂ ಹುಳುಗಳು ತಿಂದುಕೊಂಡಿರುತ್ತವೆ. ಅಮಾನಿಟಾ ಕುಲದ ಕೆಲವು ಅಣಬೆಗಳಲ್ಲಿರುವ ಅಮಾಟಾಕ್ಸಿನ್ ಎಂಬ ವಿಷ ಎಷ್ಟು ಕುದಿಸಿದರೂ ನಾಶವಾಗುವುದಿಲ್ಲ. ಅದರ ಲಕ್ಷಣಗಳು ಸಾಮಾನ್ಯವಾಗಿ 6ರಿಂದ 12 ತಾಸುಗಳ ನಂತರ ಕಾಣಿಸಿಕೊಂಡು, ನಡುವೆ ಒಂದು ದಿನ ವಾಸಿಯಾದಂತೆ ತೋರಿ, ಅಷ್ಟರಲ್ಲಿ ವಿಷ ಯಕೃತ್ತನ್ನು ಕೆಡಿಸಿರುತ್ತದೆ. ಯಾರಾದರೂ ತಿಂದು ಅಸ್ವಸ್ಥರಾದರೆ, ಉಳಿದ ಅಣಬೆಯನ್ನೂ ಕಟ್ಟಿಕೊಂಡು ಕೂಡಲೇ ದವಾಖಾನೆಗೆ ಹೋಗಿ. ಮತ್ತೊಂದು ಮಾತು: ಚಿಂಚೋಳಿ ವನ್ಯಜೀವಿ ಧಾಮದ ಗಡಿಯೊಳಗಿನಿಂದ ಅನುಮತಿಯಿಲ್ಲದೆ ಅಣಬೆಯನ್ನೂ ತರುವಂತಿಲ್ಲ, ಅಲ್ಲಿ ಕಣ್ಣು, ಕ್ಯಾಮೆರಾಗಳಿಗಷ್ಟೇ ಕೆಲಸ ಕೊಡಿ.

ಮೊದಲು ಕೇಳಿದವರು: ಸರ್, ಒಂದು ಗೇಣು ಅಗೆದರೂ ಹುತ್ತದ ಅಣಬೆಯ ದಂಟು ಮುಗಿಯಲಿಲ್ಲ. ಹುಲ್ಲಿನದು ಬೆಳಗ್ಗೆ ಹಾಳೆಯ ಮೇಲೆ ಹಸಿರು ಚಕ್ರ ಬಿಡಿಸಿತ್ತು.

ಉತ್ತರ: ಅದನ್ನು ಮಕ್ಕಳ ಕೈಗೆ ಸಿಗದಂತೆ ಹೂಳಿಬಿಡಿ. ಹಾಳೆಯನ್ನು ಮಾತ್ರ ಅವ್ವನವರಿಗೆ ತೋರಿಸಿ.