ಮನೆಯಲ್ಲೇ ವಾಚ್ ರಿಪೇರಿಗೆ ಟೇಬಲ್ ಹಾಕಬೇಕು (ತುಮಕೂರು): ಮೊದಲು ಏನು ತಗೊಳ್ಳಲಿ, ಯಾವುದನ್ನ ಎಲ್ಲಿಡಲಿ?

ಕ್ಯಾತ್ಸಂದ್ರ_17ಕಲ್ಲು:
ನಮಸ್ಕಾರ. ಮನೇಲಿ ಎಂಟಡಿ-ಹತ್ತಡಿ ರೂಮೊಂದು ಖಾಲಿ ಇದೆ. ಎಚ್‌ಎಂಟಿ ಜನತಾ, ಪೈಲಟ್ ಥರದ ಕೀ ಕೊಡುವ ವಾಚುಗಳನ್ನ ಪೂರ್ತಿ ಬಿಚ್ಚಿ ಸರ್ವಿಸ್ ಮಾಡುವಷ್ಟು ಸಾಮಾನು ಜೋಡಿಸಬೇಕು. ಈಗಿರೋದು 30 ಇಂಚು ಎತ್ತರದ ಕಂಪ್ಯೂಟರ್ ಟೇಬಲ್. ಕಿಟಕಿ ಹೈವೇ ಕಡೆಗೆ, ಧೂಳು ಜಾಸ್ತಿ. ಟೈಮ್‌ಗ್ರಾಫರ್ (ಟಿಕ್ ಸದ್ದು ಕೇಳಿ ವಾಚಿನ ಓಟ ಅಳೆಯುವ ಮಶೀನು), ಅಲ್ಟ್ರಾಸಾನಿಕ್ (ಸದ್ದಿನ ಕಂಪನದಿಂದ ಭಾಗ ತೊಳೆಯುವ ತೊಟ್ಟಿ), ಡೀಮ್ಯಾಗ್ನೆಟೈಸರ್ (ವಾಚಿಗೆ ಹಿಡಿದ ಮ್ಯಾಗ್ನೆಟ್ ಬಿಡಿಸುವ ಸಾಧನ) ಮೂರನ್ನೂ ಒಂದೇ ಟೇಬಲ್ ಮೇಲೆ ಇಡಬಹುದಾ? ತೊಳೆಯೋಕೆ ವೈಟ್ ಪೆಟ್ರೋಲ್ (ಜಿಡ್ಡು ತೆಗೆಯುವ ಬಣ್ಣವಿಲ್ಲದ ಪೆಟ್ರೋಲ್) ಒಂದೇ ಸಾಕಾ?

ಬಟವಾಡಿ_ಬೆಂಚ್:
ಮಶೀನು ಆಮೇಲೆ, ಮೊದಲು ಟೇಬಲ್ ಎತ್ತರ ಸರಿಮಾಡಿ ಸರ್. 5ಎಕ್ಸ್ ಲೂಪ್ (ಕಣ್ಣಿಗೆ ಸಿಕ್ಕಿಸುವ, ಐದು ಪಟ್ಟು ದೊಡ್ಡದಾಗಿ ತೋರಿಸುವ ಮಸೂರ) ಹಾಕಿದರೆ ಕೆಲಸ ಕಣ್ಣಿಂದ 5 ಸೆಂಟಿಮೀಟರ್ ದೂರದಲ್ಲಿ ಫೋಕಸ್ ಆಗುತ್ತೆ, 10ಎಕ್ಸ್‌ಗೆ ಎರಡೂವರೆಯೇ. 30 ಇಂಚಿನ ಟೇಬಲ್ ಮೇಲೆ ಅಷ್ಟು ಹತ್ತಿರ ಹೋಗಬೇಕಾದರೆ ಬೆನ್ನು ಬಗ್ಗಲೇಬೇಕು. ಕಾಲಿಗೆ ಮರದ ದಿಮ್ಮಿ ಕೊಟ್ಟು 36ರಿಂದ 38 ಇಂಚಿಗೆ ಏರಿಸಿ, ಕುರ್ಚಿ 18 ಇಂಚೇ ಇರಲಿ. ಮೇಲ್ಮೈ ಎದೆ ಮಟ್ಟಕ್ಕೆ ಬರಬೇಕು, ಎರಡೂ ಮೊಣಕೈ ಟೇಬಲ್ ಮೇಲೆ ಊರಿರಬೇಕು. ಕೈ ನಡುಗೋದು ಅರ್ಧ ಅಲ್ಲೇ ನಿಲ್ಲುತ್ತೆ. ಮುಂದಿನ ಅಂಚಿಗೆ ಅರ್ಧ ಇಂಚಿನ ಪಟ್ಟಿ ಹೊಡೆಸಿ, ಅದಕ್ಕೊಂದು ಬಿಳಿ ಬಟ್ಟೆ ಕಟ್ಟಿ ಮಡಿಲಿಗೆ ಇಳಿಬಿಡಿ. ಹಾರಿದ ಕ್ಲಿಕ್ ಸ್ಪ್ರಿಂಗ್‌ನಂಥ ಸಣ್ಣ ಭಾಗ ನೆಲಕ್ಕೆ ಹೋಗದೆ ಬಟ್ಟೆಗೇ ಬೀಳುತ್ತೆ.

ಕೆಲಸದ ಹೊತ್ತಲ್ಲಿ ಕಿಟಕಿ, ಫ್ಯಾನ್ ಎರಡೂ ಬಂದ್. ಬಿಚ್ಚಿದ ಭಾಗಗಳಿಗೆ ಗಾಜಿನ ಮುಚ್ಚಳ ಬೇಕೇ ಬೇಕು. ಗುಡಿಸಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ. ಧೂಳು ಊದೋಕೆ ರಬ್ಬರ್ ಬ್ಲೋವರ್ ಬಳಸಿ. ಬಾಯಲ್ಲಿ ಊದಿದರೆ ಉಸಿರಿನ ತೇವಕ್ಕೆ ಉಕ್ಕಿನ ಭಾಗ ತುಕ್ಕು ಹಿಡಿಯುತ್ತೆ.

ದುಡ್ಡು ಹಾಕೋದಾದರೆ ಚಿಮಟ, ಸ್ಕ್ರೂಡ್ರೈವರ್‌ಗೆ ಹಾಕಿ. 3ನೇ ನಂಬರಿನ ಚಿಮಟ ದಿನದ ಕೆಲಸಕ್ಕೆ, 5ನೇದು ಹೇರ್‌ಸ್ಪ್ರಿಂಗ್‌ಗೆ (ಬ್ಯಾಲೆನ್ಸ್ ಅನ್ನೋ ಹಿಂದೆ-ಮುಂದೆ ತೂಗುವ ಚಕ್ರದ ತೆಳು ಸುರುಳಿಗೆ) ಮಾತ್ರ. ಸ್ಕ್ರೂಡ್ರೈವರ್ 0.8, 1.0, 1.2, 1.4, 1.6 ಮಿಮೀ ಸಾಕು. ಹೊಸದರ ತುದಿಯನ್ನ ಹಾಗೇ ಬಳಸಬೇಡಿ. ಎಣ್ಣೆ ಹಾಕಿದ ಸಾಣೆಕಲ್ಲಿನ ಮೇಲೆ ಎರಡೂ ಮುಖ ಉಜ್ಜಿ, ಸ್ಕ್ರೂವಿನ ತಲೆಯ ಸೀಳಿನಲ್ಲಿ ಆಡದೆ ಕೂರುವ ಹಾಗೆ ಮಾಡಿ. ಚಾಕುವಿನಂತೆ ಚೂಪಾದರೆ ತುದಿ ಸೀಳಿನ ತಳಕ್ಕೆ ಒತ್ತಿ, ಜಾರಿ, ಬ್ರಿಜ್ (ಚಕ್ರಗಳನ್ನ ಹಿಡಿದಿಡುವ ತಟ್ಟೆ) ಮೇಲೆ ಗೀರು ಎಳೆಯುತ್ತೆ.

ಗುಬ್ಬಿಗೇಟ್_ಪಿವಟ್:
ತೊಳೆಯೋ ವಿಷಯ ನಾನು ಹೇಳ್ತೀನಿ, ಇಲ್ಲಿ ಅಪಾಯ ಇದೆ. ವೈಟ್ ಪೆಟ್ರೋಲನ್ನ ಅಲ್ಟ್ರಾಸಾನಿಕ್ ತೊಟ್ಟಿಗೆ ನೇರವಾಗಿ ಸುರಿಯಲೇಬೇಡಿ. ತೊಟ್ಟಿ ಬಿಸಿಯಾಗುತ್ತೆ, ಆವಿ ಮುಚ್ಚಳದ ಸಂದಿಯಿಂದ ಹೊರಬರುತ್ತೆ, ಒಂದು ಸ್ವಿಚ್ಚಿನ ಕಿಡಿ ಸಾಕು. ತೊಟ್ಟಿಯಲ್ಲಿ ನೀರು, ಎರಡು ಹನಿ ಪಾತ್ರೆ ತೊಳೆಯೋ ಲಿಕ್ವಿಡ್. ಆ ನೀರಲ್ಲಿ ಸಣ್ಣ ಗಾಜಿನ ಜಾಡಿ ಇಟ್ಟು, ಜಾಡಿಯೊಳಗೆ ವಾಚಿಗೆಂದೇ ಬರುವ, ನೀರಲ್ಲಿ ಬೆರೆಸುವ ಕ್ಲೀನರ್ ಹಾಕಿ. 40 ಕಿಲೋಹರ್ಟ್ಸ್ ಮಶೀನಿನಲ್ಲಿ 3-4 ನಿಮಿಷ ಸಾಕು. ನಂತರ ಡಿಸ್ಟಿಲ್ಡ್ ವಾಟರ್, ಕೊನೆಗೆ ಐಸೊಪ್ರೊಪೈಲ್ ಆಲ್ಕೊಹಾಲ್, ತಕ್ಷಣ ಬೆಚ್ಚಗಿನ ಗಾಳಿ.

ಆದರೆ ಪ್ಯಾಲೆಟ್ ಫೋರ್ಕ್ (ಬ್ಯಾಲೆನ್ಸಿಗೆ ತಳ್ಳು ಕೊಡುವ ಸಣ್ಣ ಕವೆ) ಮತ್ತು ಬ್ಯಾಲೆನ್ಸನ್ನ ಆಲ್ಕೊಹಾಲಲ್ಲಿ ನೆನೆಹಾಕಬೇಡಿ. ಅವುಗಳಲ್ಲಿರುವ ಪ್ಯಾಲೆಟ್ ಕಲ್ಲು, ರೋಲರ್ ಕಲ್ಲು ಅರಗಿನಿಂದ ಅಂಟಿರುತ್ತೆ. ಆಲ್ಕೊಹಾಲಿಗೆ ಅರಗು ಕರಗುತ್ತೆ, ಕಲ್ಲು ಸರಿದರೆ ಮತ್ತೆ ಕೂರಿಸೋದು ಬಹಳ ಕಷ್ಟ. ಅವೆರಡನ್ನ ಮಾತ್ರ ಕೈಯಲ್ಲಿ, ಮಶೀನ್ ಇಲ್ಲದೆ, ಗಾಜಿನ ಬಟ್ಟಲಲ್ಲಿ ವೈಟ್ ಪೆಟ್ರೋಲಿನಿಂದ ತೊಳೀರಿ. ಆಗ ಮಾತ್ರ ಕಿಟಕಿ ತೆಗೆದಿರಲಿ, ಹತ್ತಿರ ದೀಪ-ಒಲೆ ಬೇಡ. ಬಂಕಿನ ಪೆಟ್ರೋಲ್ ಆಗಲ್ಲ, ಜಿಡ್ಡು ಉಳಿಸುತ್ತೆ.

ಮೂರೂ ಒಂದೇ ಟೇಬಲ್ ಅಂದ್ರಲ್ಲ, ಅದು ಬೇಡ. ಅಲ್ಟ್ರಾಸಾನಿಕ್ ಬೇರೆ ಸ್ಟೂಲ್ ಮೇಲೆ, ಆಗೋದಾದರೆ ರೂಮಿನಿಂದಲೇ ಹೊರಗೆ. ಅದರ ಸದ್ದು ಟೈಮ್‌ಗ್ರಾಫರ್ ಮೈಕಿಗೆ ಸೇರಿ ಗೆರೆ ಚೆಲ್ಲಾಪಿಲ್ಲಿ ಆಗುತ್ತೆ.

ಕ್ಯಾತ್ಸಂದ್ರ_17ಕಲ್ಲು:
ತುಂಬಾ ಉಪಕಾರ ಆಯ್ತು. ಟೈಮ್‌ಗ್ರಾಫರ್‌ನಲ್ಲಿ ಯಾವ ಅಂಕಿ ಬಂದರೆ ಸರಿ ಅಂತ ತಿಳ್ಕೊಳ್ಳಲಿ? ಎಣ್ಣೆ ಎಷ್ಟು ಥರದ್ದು ಬೇಕು?

ಶೆಟ್ಟಿಹಳ್ಳಿ_18000:
ಜನತಾ ಗಂಟೆಗೆ 18000 ಬೀಟ್ (ಟಿಕ್ ಸದ್ದು). ಪೂರ್ತಿ ಕೀ ಕೊಟ್ಟು ಅರ್ಧ ಗಂಟೆ ಬಿಟ್ಟು, ಡಯಲ್ ಮೇಲೆ ಮಾಡಿ ನೋಡಿ. ಸರ್ವಿಸ್ ಆದ ವಾಚಿನಲ್ಲಿ ಆಂಪ್ಲಿಟ್ಯೂಡ್ (ಬ್ಯಾಲೆನ್ಸ್ ನಡುವಿನಿಂದ ಒಂದು ಕಡೆಗೆ ತಿರುಗುವ ಕೋನ) 260ರಿಂದ 300 ಡಿಗ್ರಿ ಬಂದರೆ ಚೆನ್ನಾಗಿದೆ. ವಾಚನ್ನ ನೆಟ್ಟಗೆ ಹಿಡಿದಾಗ 20-40 ಇಳಿಯೋದು ಸಹಜ. ಮಲಗಿಸಿದಾಗಲೇ 200ಕ್ಕಿಂತ ಕಡಿಮೆ ಅಂದ್ರೆ ಕೊಳೆ ಉಳಿದಿದೆ, ಇಲ್ಲವೇ ಮೇನ್‌ಸ್ಪ್ರಿಂಗ್ (ಕೀ ಕೊಟ್ಟಾಗ ಸುತ್ತಿಕೊಳ್ಳುವ ಸ್ಪ್ರಿಂಗ್) ಸೋತಿದೆ. ಲಿಫ್ಟ್ ಆಂಗಲ್ (ಮಶೀನಿಗೆ ನಾವೇ ತುಂಬುವ, ಆಯಾ ವಾಚಿನ ಕೋನ) ತಪ್ಪಾಗಿ ಕೊಟ್ಟರೆ ಆಂಪ್ಲಿಟ್ಯೂಡ್ ಅಂಕಿ ಮಾತ್ರ ತಪ್ಪುತ್ತೆ, ಮುಂದೆ-ಹಿಂದೆ ಓಡೋ ಲೆಕ್ಕ ತಪ್ಪಲ್ಲ. ಬೀಟ್ ಎರರ್ (ಟಿಕ್, ಟಾಕ್ ಸಮಯದ ವ್ಯತ್ಯಾಸ) 0.8 ಮಿಲಿಸೆಕೆಂಡ್ ಒಳಗಿರಲಿ.

ವಾಚು ಏಕಾಏಕಿ ತುಂಬಾ ಮುಂದೆ ಓಡ್ತಿದ್ದರೆ ರೆಗ್ಯುಲೇಟರ್ (ವೇಗ ಹೆಚ್ಚು-ಕಡಿಮೆ ಮಾಡುವ ಕಡ್ಡಿ) ಮುಟ್ಟೋಕೆ ಮುಂಚೆ ಸಣ್ಣ ದಿಕ್ಸೂಚಿ ಹಿಡಿದು ನೋಡಿ; ಮುಳ್ಳು ಅಲ್ಲಾಡಿದರೆ ಮ್ಯಾಗ್ನೆಟ್ ಹಿಡಿದಿದೆ. ಡೀಮ್ಯಾಗ್ನೆಟೈಸರ್ ಬಟನ್ ಒತ್ತಿ, ಒತ್ತಿಕೊಂಡೇ ವಾಚನ್ನ ನಿಧಾನಕ್ಕೆ ಎರಡಡಿ ದೂರ ಎಳೆದು, ಆಮೇಲೆ ಬಟನ್ ಬಿಡಿ. ವಾಚು ಮೇಲಿದ್ದಾಗಲೇ ಬಿಟ್ಟರೆ ಮ್ಯಾಗ್ನೆಟ್ ಇನ್ನೂ ಜಾಸ್ತಿ ಆಗಬಹುದು. ಕಾಯಿಲ್ ಬೇಗ ಕಾಯುತ್ತೆ, ಹಾಗಾಗಿ ಕೆಲವೇ ಸೆಕೆಂಡ್.

ಎಣ್ಣೆ ಮೂರಿದ್ದರೆ ಶುರು ಮಾಡಬಹುದು: ಮೋಬಿಯಸ್ ಕಂಪನಿಯ 9010 ಬ್ಯಾಲೆನ್ಸ್ ಮತ್ತು ಎಸ್ಕೇಪ್ ವೀಲ್ (ಪ್ಯಾಲೆಟ್ ಫೋರ್ಕನ್ನ ತಳ್ಳುವ ಹಲ್ಲಿನ ಚಕ್ರ) ಇವುಗಳ ಪಿವಟ್ಟಿಗೆ (ಅಚ್ಚಿನ ಸಣ್ಣ ತುದಿಗೆ), ಪ್ಯಾಲೆಟ್ ಕಲ್ಲಿನ ಮುಖಕ್ಕೆ, ಡಿ5 ಬ್ಯಾರೆಲ್ (ಮೇನ್‌ಸ್ಪ್ರಿಂಗ್ ಇರುವ ಡಬ್ಬಿ) ಮತ್ತು ಸೆಂಟರ್ ವೀಲಿಗೆ (ನಡುವಿನ ಚಕ್ರಕ್ಕೆ), 8200 ಮೇನ್‌ಸ್ಪ್ರಿಂಗಿಗೆ. ಪ್ಯಾಲೆಟ್ ಪಿವಟ್ಟಿಗೆ ಎಣ್ಣೆ ಹಾಕಬಾರದು, ಆಂಪ್ಲಿಟ್ಯೂಡ್ ಬೀಳುತ್ತೆ.

ಬಟವಾಡಿ_ಬೆಂಚ್:
ಬಿಡಿಭಾಗದ ಬಗ್ಗೆ ಒಂದು ಮಾತು. ನಮ್ಮೂರಿನ ಎಚ್‌ಎಂಟಿ ಕಾರ್ಖಾನೆ 1978ರದ್ದು, ಈಗ ಆ ಜಾಗ ಇಸ್ರೊಗೆ ಹೋಗಿದೆ; ವಾಚ್ ಕಂಪನಿ ಮುಚ್ಚುವ ತೀರ್ಮಾನ ಆಗಿದ್ದು 2016ರಲ್ಲಿ. ಹೊಸ ಭಾಗ ತಯಾರಾಗಲ್ಲ. ಅದಕ್ಕೇ ನಿಂತುಹೋದ ಒಂದೆರಡು ಜನತಾ ಮೂವ್‌ಮೆಂಟ್ (ವಾಚಿನ ಒಳಗಿನ ಯಂತ್ರ) ತಗೊಂಡಿಡಿ, ಮೊದಲು ಕೈ ಪಳಗಿಸಿಕೊಳ್ಳೋದೂ ಅದರ ಮೇಲೇ. ತಗೊಳ್ಳುವಾಗ ಬ್ಯಾಲೆನ್ಸ್ ಸ್ಟಾಫ್ (ಬ್ಯಾಲೆನ್ಸಿನ ಅಚ್ಚು) ಮುರಿದಿದೆಯಾ, ಹೇರ್‌ಸ್ಪ್ರಿಂಗ್ ಸುರುಳಿ ಒಂದಕ್ಕೊಂದು ತಾಗಿದೆಯಾ ನೋಡಿ. ಅವೆರಡು ಚೆನ್ನಾಗಿದ್ದರೆ ಮಿಕ್ಕಿದ್ದು ತುಕ್ಕು ಹಿಡಿದಿದ್ದರೂ ದುಡ್ಡು ದಂಡ ಅಲ್ಲ.

ಗುಬ್ಬಿಗೇಟ್_ಪಿವಟ್:
ಒತ್ತಿ ಕೂರಿಸುವ ಹಿಂಬದಿ ಮುಚ್ಚಳಕ್ಕೆ ಪ್ರೆಸ್ ಬೇಕಾಗುತ್ತೆ, ಅದೂ ಪಟ್ಟಿಯಲ್ಲಿರಲಿ. ಗಾಜಿನ ಕಡೆಗೆ ಹಾಕುವ ನೈಲಾನ್ ಡೈ ಬೋಗುಣಿ ಥರದ್ದಾಗಿರಬೇಕು, ಅದರ ಅಂಚು ಕೇಸಿನ ಬಳೆಯ ಮೇಲೆ ಮಾತ್ರ ಕೂರಬೇಕು. ಚಪ್ಪಟೆ ಡೈ ಹಾಕಿದರೆ ಒತ್ತಡವೆಲ್ಲ ಉಬ್ಬಿದ ಗಾಜಿನ ನೆತ್ತಿಗೆ ಬಿದ್ದು ಬಿರುಕು ಬಿಡುತ್ತೆ.